ನಾನು ನಿಲ್ಲಿಸಿದ ದೋಣಿ

ಹೋದ ವರ್ಷ ಅಕ್ಟೋಬರ್ ತಿಂಗಳಲ್ಲಿ ನಾನು ಮೊದಲ ಬಾರಿಗೆ ವಿಮಾನ ಹತ್ತಿ ಜಪಾನಿನ ಕ್ಯೋಟೋ ನಗರಕ್ಕೆ ಹೋದೆ. ಮಗಳು ಸಹನಾ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಮೂರು ತಿಂಗಳು ಅವಳ ಜೊತೆಗಿದ್ದು ಬಂದೆ. ಅಲ್ಲಿ ನೋಡಿದ ಗುಡಿ, ತೋಟ, ರೈಲುಗಳ ವಿಷಯವನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಈ ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಾನು ದಾವಣಗೆರೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಏಳುವುದಕ್ಕೆ, ಪ್ರಾರ್ಥನೆಗೆ, ಊಟಕ್ಕೆ, ಓದಿಗೆ, ಎಲ್ಲಕ್ಕೂ ಗಂಟೆ ಹೊಡೆಸಿ ಬದುಕಿದವಳು. ಕೋಣೆ ಬಿಡುವಾಗ ಸ್ವಿಚ್ ಆರಿಸದ ಹುಡುಗಿಯನ್ನು ಕಾಲೇಜಿನ ಬಾಗಿಲಿನಿಂದಲಾದರೂ ವಾಪಸ್ ಕರೆಸಿ ಆರಿಸುವಂತೆ ಮಾಡುತ್ತಿದ್ದೆ. ಹೀಗಾಗಿ ಮಗಳ ಮನೆಯಲ್ಲಿ ನನಗೆ ಮೊದಲು ಕಂಡ ಕೊರತೆಯೆಂದರೆ, ಅಲ್ಲಿ ಪ್ಲಗ್ ಹಾಕುವ ಜಾಗಗಳಿಗೆ ಸ್ವಿಚ್ಚೇ ಇರಲಿಲ್ಲ. ಇಪ್ಪತ್ನಾಲ್ಕು ತಾಸೂ ಕರೆಂಟು ಹರಿಯುತ್ತಲೇ ಇರುತ್ತದೆ. ನನಗೆ ಅದು ನಲ್ಲಿ ನಿಲ್ಲಿಸದೆ ಬಿಟ್ಟಂತೆ ಕಾಣುತ್ತಿತ್ತು.

ಎರಡನೆಯ ಕೊರತೆ, ಮಗಳ ಕೆಲಸ. ಊರಿನಲ್ಲಿ ನಾನು ಎಲ್ಲರಿಗೂ ಹೇಳಿದ್ದು "ಕಂಪ್ಯೂಟರ್ ಸಂಶೋಧನೆ" ಎಂದು. ಅದು ಸುಳ್ಳಲ್ಲ. ಆದರೆ ಅವಳು ನಿಜವಾಗಿ ಮಾಡುವುದು, ನಲವತ್ತು ವರ್ಷಗಳ ಹಿಂದೆ ಬಂದು ಯಾರ ಗಮನಕ್ಕೂ ಬೀಳದೆ ಹೋದ ಕಂಪ್ಯೂಟರ್ ಆಟಗಳನ್ನು ಹುಡುಕಿ, ಮತ್ತೆ ನಡೆಯುವಂತೆ ಮಾಡಿ, ಉಳಿಸುವ ಕೆಲಸ. ಹೆಸರು ಮಾಡಿದ ಆಟಗಳನ್ನು ನೋಡಿಕೊಳ್ಳಲು ಬೇಕಾದಷ್ಟು ಜನ ಇದ್ದಾರಂತೆ. ಇವಳಿಗೆ ಬೇಕಾದದ್ದು ಹೆಸರು ಮಾಡದವು.

ಮನೆಯ ಮೂಲೆಯ ಮೇಜಿನ ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಜೋಡಿಸಿದ ಡಬ್ಬದಂಥ ಟಿವಿ ಸಾಮಾನ್ಯವಾಗಿ ಆರಿರುತ್ತಿತ್ತು. ಬಂದ ದಿನವೇ ಸಹನಾ ಹೇಳಿದಳು, "ಅಮ್ಮ, ಮನೇಲಿ ಏನು ಬೇಕಾದ್ರೂ ಕ್ಲೀನ್ ಮಾಡು. ಇದೊಂದನ್ನ ಮುಟ್ಬೇಡ. ಟಿವಿ ಆಫ್ ಇದ್ರೂ ಒಳಗೆ ಆಟ ನಡೀತಾ ಇರತ್ತೆ."

"ಯಾರು ಆಡ್ತಾರೆ, ದೆವ್ವಾನಾ?"

"ನಾನೇ. ದಿನಕ್ಕೆ ಮೂರು ಸಲ."

ಆಟದ ಹೆಸರಿಗೆ ಕನ್ನಡದಲ್ಲಿ 'ಆಚೆ ದಡ' ಎಂದು ಅರ್ಥ. ನಾವು ಒಂದು ನದಿಯಲ್ಲಿ ದೋಣಿ ನಡೆಸುವವರು. ನಮ್ಮ ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ಸರಿಯಾಗಿ ದಡಕ್ಕೆ ಜನ ಬರುತ್ತಾರೆ: ಸೋಯಾ ಪನೀರಿನಂಥ ತೋಫು ಮಾರುವವಳು, ಒಬ್ಬ ವೈದ್ಯ, ಶಾಲೆಗೆ ಹೋಗುವ ಹುಡುಗಿ. ಅವರನ್ನು ದಾಟಿಸಬೇಕು. ಹೊಡೆದಾಟವಿಲ್ಲ, ಅಂಕವಿಲ್ಲ, ಗೆಲುವಿಲ್ಲ. ನಾವು ಬರದೆ ಇದ್ದರೆ ಅವರು ದಡದಲ್ಲಿ ಕೂತು ಕಾಯುತ್ತಾರೆ. ಕಾದು ಎದ್ದು ಹೋದವರು ಮತ್ತೆ ಆ ಆಟದಲ್ಲಿ ಬರುವುದಿಲ್ಲ. ಆಚೆಯ ದಡ ಯಾವಾಗಲೂ ಮಂಜಿನಲ್ಲಿ ಮುಚ್ಚಿರುತ್ತದೆ. ಹೀಗೆ ವಾರಗಟ್ಟಲೆ ತಪ್ಪದೆ ದೋಣಿ ನಡೆಸಿದವರಿಗೆ ಮಾತ್ರ ಕೊನೆಯ ದೃಶ್ಯ ಕಾಣುತ್ತದೆ. ಆಟವನ್ನು ಅರ್ಧಕ್ಕೆ ಉಳಿಸಿಟ್ಟು ಮುಂದುವರಿಸುವ ಸೌಕರ್ಯ ಅದರಲ್ಲಿಲ್ಲ. ಕರೆಂಟು ಹೋದರೆ ಎಲ್ಲವೂ ಹೋಯಿತು, ಮೊದಲಿನಿಂದ ಶುರು.

"ಹಂಗಾದ್ರೆ ಯುಪಿಎಸ್ ಹಾಕ್ಬೇಕಲ್ಲೇ," ಎಂದೆ.

ಅವಳು ನಕ್ಕಳು. "ಲ್ಯಾಬಲ್ಲಿ ಇದೆ. ಆದ್ರೆ ಈ ಸೀಸನ್‌ನಲ್ಲಿ ವೈರಿಂಗ್ ಚೆಕ್ ಮಾಡೋಕೆ ಇಡೀ ಬಿಲ್ಡಿಂಗಿನ ಕರೆಂಟೇ ತೆಗೀತಾರೆ. ಅದಕ್ಕೇ ಮನೇಲಿ ಶುರು ಮಾಡಿದ್ದು. ಇದು ಜಪಾನ್ ಅಮ್ಮ, ದಾವಣಗೆರೆ ಅಲ್ಲ. ಮನೆಗಳಲ್ಲಿ ಕರೆಂಟ್ ಹೋಗಲ್ಲ."

ಹೊಸ ಕಂಪ್ಯೂಟರಿಗೆ ಇಳಿಸಿದ ನಕಲು ಅರ್ಧ ದಾರಿಯಲ್ಲಿ ನಿಂತುಬಿಡುತ್ತದಂತೆ. ಹಳೆಯ ಯಂತ್ರವೇ ಬೇಕು, ಹಾಡಿನ ಟೇಪಿನಂಥದರಲ್ಲಿ ಆಟ ತುಂಬಿದ ಹಳೆಯ ಕ್ಯಾಸೆಟ್ಟೇ ಬೇಕು. ಆ ಕ್ಯಾಸೆಟ್ಟೂ ಸವೆದಿತ್ತು. ಬಹಳ ಪ್ರಯತ್ನದ ಮೇಲೆ ಯಂತ್ರ ಅದನ್ನು ಒಮ್ಮೆ ಓದಿಕೊಂಡಿತ್ತು. ಇನ್ನೊಮ್ಮೆ ಓದುತ್ತದೆಂಬ ಭರವಸೆ ಇರಲಿಲ್ಲ.

ಮಧ್ಯಾಹ್ನ ಸಹನಾ ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದಳು. ಅಮ್ಮನ ಜೊತೆ ಊಟ ಮಾಡಲು ಬಂದಳೆಂದು ನಾನು ತಟ್ಟೆ ಹಾಕಿದರೆ ಅವಳು ಮೊದಲು ಟಿವಿ ಮುಂದೆ ಕೂರುತ್ತಿದ್ದಳು. "ಅನ್ನ ಆರ್ತಾ ಐತೆ," ಎಂದರೆ, "ಆ ಹುಡುಗಿ ಕಾಯ್ತಾ ಇದಾಳೆ ಅಮ್ಮ, ಒಂದ್ನಿಮಿಷ," ಎನ್ನುತ್ತಿದ್ದಳು. ಇಷ್ಟು ಓದಿದ ಮಗಳು ಗೊಂಬೆಯನ್ನು ನದಿ ದಾಟಿಸಲು ಬಿಸಿಲಲ್ಲಿ ಓಡಿ ಬರುತ್ತಾಳಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ.

ಅಕ್ಟೋಬರ್ ಕೊನೆಯಲ್ಲಿ ಮೊರಿತಾ ಸಾನ್ ಮನೆಗೆ ಬಂದರು. ಸಾನ್ ಎಂದರೆ ನಮ್ಮ 'ಅವರು' ಎಂದಂತೆ. ಆ ಆಟವನ್ನು ಬರೆದವರು ಅವರೇ. ಎಂಬತ್ತು ದಾಟಿದ, ಕಡ್ಡಿಯಂಥ ಹೆಂಗಸು. ಆಗಿನ ಕಾಲದಲ್ಲಿ ಮನೆಯಲ್ಲೇ ಕೂತು ಒಬ್ಬರೇ ಆಟ ಬರೆದು, ಕ್ಯಾಸೆಟ್ ಮಾಡಿ ಅಂಚೆಯಲ್ಲಿ ಮಾರಿದರಂತೆ. ಕೊಂಡವರು ಬೆರಳೆಣಿಕೆಯಷ್ಟು ಜನ. ಒಂದು ಕಣ್ಣಿನ ದೃಷ್ಟಿ ಆಗಲೇ ಹೋಗಿತ್ತು. ಇನ್ನೊಂದರಲ್ಲೂ ಯಾವಾಗ ಬೇಕಾದರೂ ರಕ್ತ ಒಸರಬಹುದೆಂದು ಡಾಕ್ಟರ್ ಹೇಳಿದ್ದರು. ಮೊರಿತಾ ಸಾನ್ ಟಿವಿಗೆ ಮುಖ ತಾಗುವಷ್ಟು ಹತ್ತಿರ ಕೂತು ದೋಣಿಯನ್ನು ನೋಡಿದರು. ಅವರು ಏನೋ ಹೇಳಿದರು. ಸಹನಾ ನನಗೆ ಕನ್ನಡದಲ್ಲಿ ತಿಳಿಸಿದಳು: "ಬರೆಯುವಾಗ ತುಂಡು ತುಂಡಾಗಿ ಪರೀಕ್ಷೆ ಮಾಡಿದ್ದರಂತೆ ಅಮ್ಮ. ಮೊದಲಿಂದ ಆಡಿ ಕೊನೆ ತಲುಪಿದ್ದನ್ನ ಅವರೇ ಯಾವತ್ತೂ ನೋಡಿಲ್ಲ. ಕಣ್ಣಿರೋವಾಗ ಒಂದ್ಸಲ ನೋಡ್ಬೇಕು ಅಂತಾರೆ."

ನವೆಂಬರ್ ನಡುವಿನಲ್ಲಿ ವಿಶ್ವವಿದ್ಯಾಲಯದಲ್ಲಿ ಮರೆತ ಆಟಗಳ ಪ್ರದರ್ಶನವಿತ್ತು. ಅಷ್ಟು ಹೊತ್ತಿಗೆ ಆಟ ಕೊನೆ ಮುಟ್ಟಬೇಕಿತ್ತು. ಕೊನೆಯ ದಿನ ಮೊರಿತಾ ಸಾನ್ ನಮ್ಮ ಮನೆಗೇ ಬಂದು ನೋಡುವುದು, ಅದನ್ನು ಚಿತ್ರೀಕರಿಸಿ ಪ್ರದರ್ಶನದಲ್ಲಿ ಎಲ್ಲರಿಗೂ ತೋರಿಸುವುದು ಎಂದು ಮಾತಾಗಿತ್ತು.

ಅದಕ್ಕೆ ಕೆಲವೇ ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ಸಹನಾ ಹೊರಟು ಹೋದ ಮೇಲೆ, ನೆಲ ಅಲುಗಿತು. ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಭೂಕಂಪವಾದರೆ ಏನು ಮಾಡಬೇಕೆಂಬ ಇಂಗ್ಲಿಷ್ ಕರಪತ್ರವನ್ನು ನಾನು ಬಂದ ವಾರವೇ ಓದಿ ಬಾಯಿಪಾಠ ಮಾಡಿದ್ದೆ. ಮೇಜಿನ ಕೆಳಗೆ ಕೂರು. ನಡುಕ ನಿಂತ ಮೇಲೆ ಗ್ಯಾಸ್ ಆರಿಸು. ಬಾಗಿಲು ತೆರೆ. ಮನೆ ಬಿಟ್ಟು ಹೊರಡುವುದಾದರೆ ಬೆಂಕಿ ಹತ್ತದಂತೆ ಬ್ರೇಕರ್, ಅಂದರೆ ಇಡೀ ಮನೆಯ ಮೇನ್ ಸ್ವಿಚ್, ಇಳಿಸು. ಎಲ್ಲವನ್ನೂ ಅದೇ ಕ್ರಮದಲ್ಲಿ ಮಾಡಿದೆ. ಬಾಗಿಲ ಮೇಲಿದ್ದ ಬ್ರೇಕರನ್ನು ಸ್ಟೂಲು ಹತ್ತಿ ಕೆಳಕ್ಕೆ ಎಳೆದೆ. ಸಹನಾಳ ಹೆಲ್ಮೆಟ್ ಹಾಕಿಕೊಂಡು, ಪಾಸ್‌ಪೋರ್ಟಿನ ಚೀಲ ಹಿಡಿದು, ಮೆಟ್ಟಿಲಿಳಿದು ಅಂಗಳದ ನಡುವೆ ನಿಂತೆ.

ಅಂಗಳದಲ್ಲಿ ಇನ್ನು ಯಾರೂ ಇರಲಿಲ್ಲ. ಮೊದಲ ಮಹಡಿಯ ಹೆಂಗಸೊಬ್ಬರು ಬಟ್ಟೆ ಒಣಗಿಸುತ್ತಿದ್ದವರು ನನ್ನನ್ನೂ ನನ್ನ ಹೆಲ್ಮೆಟ್ಟನ್ನೂ ನೋಡಿ, ನಗು ತಡೆದುಕೊಂಡು, ತಲೆ ಬಾಗಿಸಿದರು. ದಾರಿಯಲ್ಲಿ ಅಂಚೆಯವನು ಎಂದಿನಂತೆ ಹೋದ. ಅಲ್ಲಿನವರಿಗೆ ಅದು ಭೂಕಂಪವೇ ಅಲ್ಲ. ನಾನು ಸೀರೆಯುಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಯಲಲ್ಲಿ ಅಟೆನ್ಷನ್ನಿನಲ್ಲಿ ನಿಂತಿದ್ದೆ.

ಮೇಲೆ ಬಂದು ಬ್ರೇಕರ್ ಎತ್ತಿದಾಗ ಫ್ರಿಜ್ ಗುರ್ರೆಂದಿತು. ಆಗ ಮೂಲೆಯ ಮೇಜು ನೆನಪಾಯಿತು.

ಮಧ್ಯಾಹ್ನ ಸಹನಾ ಬಂದು ಟಿವಿ ಹಾಕಿದಳು. ನದಿ ಇರಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಚೌಕ ಮಿನುಗುತ್ತಿತ್ತು. ಅವಳು ಕೂಗಲಿಲ್ಲ, ಅಳಲಿಲ್ಲ. ಕುರ್ಚಿಯ ಹಿಡಿ ಹಿಡಿದುಕೊಂಡು ನಿಂತಳು.

"ಅಮ್ಮ, ಏನಾಯ್ತು?"

ನಾನೇ ಆರಿಸಿದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಲು ಹೊರಟರೆ ಹೆಲ್ಮೆಟ್ಟಿನ ಕಥೆಯನ್ನೂ ಹೇಳಬೇಕಿತ್ತು. ಸಾವಿರಾರು ಹುಡುಗಿಯರನ್ನು ತಿದ್ದಿದ ನನಗೆ ಮಗಳ ಮುಂದೆ ನಗೆಪಾಟಲಾಗುವುದು ಬೇಡವಾಗಿತ್ತು. ನಮ್ಮ ಊರಿನಲ್ಲಿ ಯಾರೂ ಎದುರು ಪ್ರಶ್ನೆ ಕೇಳದ ಒಂದು ಕಾರಣ ಇದೆ. ಅದೇ ಬಾಯಿಗೆ ಬಂತು.

"ಕರೆಂಟ್ ಹೋಗಿತ್ತಮ್ಮ. ಆಮೇಲೆ ಬಂತು."

ದಾವಣಗೆರೆಯಲ್ಲಾಗಿದ್ದರೆ ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಸಹನಾ ಹುಬ್ಬು ಗಂಟಿಕ್ಕಿದಳು. "ಕರೆಂಟಾ? ಅಷ್ಟು ಸಣ್ಣ ನಡುಕಕ್ಕಾ? ಹಂಗಾದ್ರೆ ಬಿಲ್ಡಿಂಗ್ ವೈರಿಂಗಲ್ಲೇ ಏನೋ ಪ್ರಾಬ್ಲಮ್ ಇದೆ," ಎಂದು ಫೋನ್ ಮಾಡಿದಳು.

ಸ್ವಲ್ಪ ಹೊತ್ತಿಗೆ ಕಟ್ಟಡದ ಮೇಲ್ವಿಚಾರಕರು ಬಂದರು. ನಿಶಿದಾ ಸಾನ್ ಎಂದು ಅವರ ಹೆಸರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬಾಗಿಲಲ್ಲೇ ಟೋಪಿ ತೆಗೆದು, ಸೊಂಟದಿಂದ ಬಾಗಿ, ನನ್ನ ಕಡೆಗೇ ತಿರುಗಿ ಕ್ಷಮೆ ಕೇಳಿದರು. ಬ್ರೇಕರ್ ಪೆಟ್ಟಿಗೆ ತೆರೆದು ಟಾರ್ಚ್ ಬಿಟ್ಟು ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಮತ್ತೆ ಬಾಗಿದರು.

"ಏನಂತಾರೆ?" ಎಂದೆ.

"ಊರಿಂದ ಬಂದಿರೋ ಅಮ್ಮನಿಗೆ ಭಯ ಆಗಿರಬೇಕು, ತನ್ನ ನಿಗಾ ಸಾಲದಾಯ್ತು ಅಂತ ಕ್ಷಮೆ ಕೇಳ್ತಿದಾರೆ. ಎಲ್ಲಾ ಮನೆಗಳಿಗೂ ಹೋಗಿ ವಿಚಾರಿಸ್ತಾರಂತೆ."

ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವರು ಪಕ್ಕದ ಮನೆಯ ಗಂಟೆ ಒತ್ತಿ, ಟೋಪಿ ತೆಗೆದು ಬಾಗಿದರು. ಆ ಮನೆಯವರು ಇಲ್ಲ ಎಂಬಂತೆ ಕೈಯಾಡಿಸಿದರು. ಮುಂದಿನ ಮನೆಯಲ್ಲೂ ಹಾಗೇ ಆಯಿತು. ಮೇಲಿನ ಮಹಡಿಗೆ ಹತ್ತುವಾಗ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿದರು. ಆಗದೇ ಇದ್ದ ತಪ್ಪಿಗೆ ಆ ಮನುಷ್ಯ ಮನೆಮನೆಗೆ ತಲೆಬಾಗುತ್ತಿದ್ದ.

"ಸಹನಾ, ಅವರನ್ನ ಕರಿ. ಕರೆಂಟ್ ಹೋಗಿರಲಿಲ್ಲ. ನಾನೇ ಇಳಿಸಿದ್ದು."

ಅವಳು ನನ್ನನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಅವಳು ಮೆಟ್ಟಿಲ ಮೇಲೆ ಅವರಿಗೇನೋ ಹೇಳಿದಳು. ಅವರು ತಲೆಯಾಡಿಸಿದರು, ಅಲ್ಲಿಂದಲೇ ನನ್ನ ಕಡೆ ನೋಡಿ ಇನ್ನೊಮ್ಮೆ ಬಾಗಿದರು.

"ಏನು ಹೇಳಿದೆ?" ಎಂದು ಅವಳು ಬಂದ ಮೇಲೆ ಕೇಳಿದೆ.

"ನೀನು ನಿಯಮದ ಪ್ರಕಾರ ಬ್ರೇಕರ್ ಇಳಿಸಿದ್ದೆ, ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ, ತಪ್ಪು ನಂದು ಅಂದೆ. ಬಿಲ್ಡಿಂಗಲ್ಲಿ ಇಷ್ಟು ಶಿಸ್ತಿನವರು ಯಾರೂ ಇಲ್ಲ ಅಂತ ಹೊಗಳಿದ್ರು."

ನಾನು ಬಾಗಿಲು ಹಾಕಿದೆ. ಅವಳೇ ಕೇಳಿದಳು, "ಅಮ್ಮ, ಹಾಸ್ಟೆಲ್ ಹುಡುಗಿ ಯಾರಾದ್ರೂ ಹಿಂಗೆ ಮಾಡಿದ್ರೆ ಏನು ಮಾಡ್ತಿದ್ದೆ?"

"ಆರಿಸಿದ್ದಕ್ಕಾ, ಸುಳ್ಳು ಹೇಳಿದ್ದಕ್ಕಾ?"

"ಸುಳ್ಳು ಹೇಳಿದ್ದಕ್ಕೆ."

"ಹೊರಗೆ ನಿಲ್ಲಿಸ್ತಿದ್ದೆ."

ಅವಳು ಕ್ಯಾಸೆಟ್ ತೆಗೆದುಕೊಂಡು ಮೇಜಿನ ಮುಂದೆ ಕೂತಳು. ನಾನು ಬಾಲ್ಕನಿಗೆ ಹೋಗಿ ನಿಂತೆ. ಒಳಗಿನಿಂದ ಕ್ಯಾಸೆಟ್ಟಿನ ಕಿರುಚುವ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅವಳು ಒಳಗೆ ಕರೆಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಪ್ರದರ್ಶನದ ದಿನದವರೆಗೂ ಯಂತ್ರ ಆ ಕ್ಯಾಸೆಟ್ಟನ್ನು ಓದಿಕೊಳ್ಳಲಿಲ್ಲ. ಪ್ರದರ್ಶನಕ್ಕೆ ನಾನೂ ಹೋದೆ. ಒಂದು ಆಟದಲ್ಲಿ ಪರದೆಯ ಮೇಲೆ ಚಿತ್ರವೇ ಇಲ್ಲ, ಸದ್ದು ಕೇಳಿ ಮನೆಯ ದಾರಿ ಹುಡುಕಬೇಕು. ಇನ್ನೊಂದರಲ್ಲಿ ಪರ್ಸಿಮನ್ ಎಂಬ ಹಣ್ಣಿನ ಗಿಡವೊಂದನ್ನು ಬೆಳೆಸಬೇಕು, ಅವಸರದಿಂದ ನೀರು ಹಾಕಿದರೆ ಸಾಯುತ್ತದೆ. ಮುದುಕರು, ಕಾಲೇಜು ಮಕ್ಕಳು ಎಲ್ಲರೂ ಸರದಿಯಲ್ಲಿ ನಿಂತು ಆಡುತ್ತಿದ್ದರು. ಇದನ್ನೆಲ್ಲ ಮಾಡಿದವರು ಯಾರೋ ಎಂತಹ ತಾಳ್ಮೆಯವರೋ ಎಂದು ಮೊದಲ ಸಲ ನನಗನ್ನಿಸಿತು. 'ಆಚೆ ದಡ'ದ ಜಾಗದಲ್ಲಿ ಮಾತ್ರ ಆರಿದ ಟಿವಿ ಇತ್ತು. ಪಕ್ಕದ ಕುರ್ಚಿಯಲ್ಲಿ ಮೊರಿತಾ ಸಾನ್ ಕೂತಿದ್ದರು.

ಸಹನಾ ಮೈಕ್ ಹಿಡಿದು, ಆಟ ಯಾಕಿಲ್ಲವೆಂದು ವಿವರಿಸಿದಳು. ಇದ್ದಕ್ಕಿದ್ದಂತೆ ಎಲ್ಲರೂ ನನ್ನ ಕಡೆ ತಿರುಗಿದರು, ನಕ್ಕರು, ಚಪ್ಪಾಳೆ ತಟ್ಟಿದರು. ಭೂಕಂಪದ ನಿಯಮವನ್ನು ನಮಗಿಂತ ಚೆನ್ನಾಗಿ ಪಾಲಿಸಿದ ಭಾರತೀಯ ಅಮ್ಮ ಎಂದು ಹೇಳಿದ್ದಳಂತೆ. ನಾನು ಹೇಳಿದ ಕರೆಂಟಿನ ಸುಳ್ಳಿನ ವಿಷಯ ಎತ್ತಿರಲಿಲ್ಲ. ಚಪ್ಪಾಳೆ ನಿಲ್ಲುವವರೆಗೂ ನಾನು ಕೈಮುಗಿದು ನೆಲ ನೋಡುತ್ತಿದ್ದೆ.

ಮೊರಿತಾ ಸಾನ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಒಕಾಸಾನ್," ಎಂದು ಕರೆದರು, ಅಮ್ಮ ಎಂದರ್ಥ. ಅವರ ಮಾತನ್ನು ಸಹನಾ ಹೇಳಿದಳು: "ಆಗಿನ ಕಾಲದಲ್ಲೂ ಈ ಆಟವನ್ನ ಯಾರೂ ಕೊನೆ ಮುಟ್ಟಿಸಲಿಲ್ಲವಂತೆ. ಕೊಂಡ ಮಕ್ಕಳೆಲ್ಲ ಅಮ್ಮ ಆರಿಸಿಬಿಟ್ಟಳು ಅಂತ ದೂರು ಹೇಳ್ತಿದ್ರಂತೆ. ಎಲ್ಲಾ ಮನೇಲೂ ಒಬ್ಬಳು ಒಳ್ಳೆ ಅಮ್ಮ ಇದ್ದಳು ಅಂತಾರೆ." ಅವರು ತಮಾಷೆಯಾಗಿಯೇ ಹೇಳಿದ್ದು. ಆದರೆ ಆ ಆಟ ಯಾಕೆ ಯಾರಿಗೂ ಗೊತ್ತಾಗದೆ ಹೋಯಿತೆಂದು ನನಗೆ ಆಗ ತಿಳಿಯಿತು. ನನ್ನಂಥವರೇ ಅದನ್ನು ಆರಿಸುತ್ತ ಬಂದಿದ್ದರು.

ಪ್ರದರ್ಶನ ಮುಗಿದ ಎರಡನೆಯ ದಿನ ಯಂತ್ರ ಕ್ಯಾಸೆಟ್ಟನ್ನು ಓದಿಕೊಂಡಿತು. ನದಿ ಮತ್ತೆ ಕಂಡಾಗ ಸಹನಾ ಮೇಜಿಗೆ ತಲೆಯಿಟ್ಟು ಅತ್ತಳು. ಅವತ್ತೇ ಒಂದು ಯುಪಿಎಸ್ ತಂದಳು. "ಇದು ಕರೆಂಟಿಗಲ್ಲ ಅಮ್ಮ, ನಿಂಗೆ," ಎಂದಳು. ಮಧ್ಯಾಹ್ನದ ದೋಣಿಯನ್ನು ನಾನು ನಡೆಸುತ್ತೇನೆಂದೆ. ಬೇಡವೆನ್ನುತ್ತಾಳೆಂದುಕೊಂಡಿದ್ದೆ. ಯಾವ ಕೀಲಿ ಒತ್ತಬೇಕೆಂದು ತೋರಿಸಿಕೊಟ್ಟಳು.

ಹಾಸ್ಟೆಲಿನ ಗಂಟೆಯನ್ನು ಪಾಲಿಸಿದಂತೆಯೇ ನಾನು ಆ ದೋಣಿಯನ್ನು ಪಾಲಿಸಿದೆ. ಮಳೆ ಬಂದಾಗ ಆಟದ ನದಿ ಉಬ್ಬುತ್ತದೆ, ಆಗ ಓರೆಯಾಗಿ ಹೋಗಬೇಕು. ತೋಫುವಿನವಳು ಒಂದು ದಿನ ಬುಟ್ಟಿಯಿಲ್ಲದೆ ಬಂದಳು. ಯಾಕೆಂದು ಆಟ ಹೇಳುವುದಿಲ್ಲ. ನಾನು ಸಂಜೆಯವರೆಗೂ ಅದನ್ನೇ ಯೋಚಿಸಿದೆ. ಶಾಲೆಯ ಹುಡುಗಿ ದಿನ ಕಳೆದಂತೆ ಎತ್ತರವಾಗುತ್ತಿದ್ದಳು. ಒಂದು ಅಕ್ಷರ ಮಾತಿಲ್ಲದೆ, ನಾಲ್ಕಾರು ಬಣ್ಣದ ಚುಕ್ಕೆಗಳಲ್ಲಿ ಇಷ್ಟನ್ನು ಮಾಡಿದ ಮೊರಿತಾ ಸಾನ್ ಹೆಸರು ಜಗತ್ತಿಗೆ ಗೊತ್ತಿರಬೇಕಿತ್ತು. ನನ್ನ ಮಗಳ ಕೆಲಸ ಏನೆಂದು ಈಗ ಯಾರು ಕೇಳಿದರೂ ನಾನು ಪೂರ್ತಿಯಾಗಿ ಹೇಳುತ್ತೇನೆ.

ಡಿಸೆಂಬರ್ ಎರಡನೆಯ ವಾರದಲ್ಲಿ ಮೊರಿತಾ ಸಾನ್ ಅವರ ಒಳ್ಳೆಯ ಕಣ್ಣಿನಲ್ಲಿ ರಕ್ತ ಒಸರಿತು. ಚುಚ್ಚುಮದ್ದು ಕೊಟ್ಟರು. ಬೆಳಕು, ನೆರಳು ತಿಳಿಯುವಷ್ಟು ಮಾತ್ರ ಉಳಿಯಿತು.

ಕೊನೆಯ ದೃಶ್ಯ ಬರುವ ಬೆಳಿಗ್ಗೆ ಸಹನಾ ಅವರನ್ನು ಟ್ಯಾಕ್ಸಿಯಲ್ಲಿ ಕರೆತಂದಳು. ಅದೇ ಟಿವಿಯ ಮುಂದೆ, ಅದೇ ಕುರ್ಚಿಯಲ್ಲಿ ಕೂರಿಸಿದಳು. ಪರದೆಯಲ್ಲಿ ಕಾಣುವುದನ್ನು ಹೇಳಬೇಕಾದವಳು ಸಹನಾ, ಅವಳಿಗೆ ಭಾಷೆ ಬರುತ್ತದೆ. ಆದರೆ ಮೊರಿತಾ ಸಾನ್ ನನ್ನ ಕೈ ಹಿಡಿದು, "ಒಕಾಸಾನ್ ಹೇಳಲಿ, ದೋಣಿ ನಡೆಸಿದವರು ಅವರು," ಎಂದರು.

ನಾನು ಕನ್ನಡದಲ್ಲಿ ಹೇಳುತ್ತ ಹೋದೆ, ಸಹನಾ ಜಪಾನಿ ಭಾಷೆಗೆ ತಿರುಗಿಸುತ್ತ ಹೋದಳು. ಎಲ್ಲರೂ ದಡದಲ್ಲಿ ನಿಂತಿದ್ದಾರೆ. ಯಾರೂ ದೋಣಿ ಹತ್ತುತ್ತಿಲ್ಲ. ಶಾಲೆಯ ಹುಡುಗಿ ದೊಡ್ಡವಳಾಗಿದ್ದಾಳೆ. ಅವಳು ಬಂದು ನಮ್ಮ ಕೈಯಿಂದ ಹುಟ್ಟು ತೆಗೆದುಕೊಂಡಳು. ನಾವು ಕೂತೆವು. ದೋಣಿ ಹೊರಟಿತು. ಮಂಜು ಸರಿಯುತ್ತಿದೆ. ಆಚೆ ದಡದಲ್ಲಿ ಒಂದು ಮನೆ ಇದೆ.

ಮೊರಿತಾ ಸಾನ್ ಹಿಡಿತ ಬಿಗಿಯಾಯಿತು. "ಕಿಟಕಿ?" ಎಂದು ಕೇಳಿದರು. "ಕಿಟಕಿಯಲ್ಲಿ ದೀಪ ಇದೆಯೇ? ಅದನ್ನು ಎಲ್ಲ ಮುಗಿದ ಮೇಲೆ ಸೇರಿಸಿದ್ದು. ಹತ್ತುತ್ತದೋ ಇಲ್ಲವೋ ನೋಡುವುದಕ್ಕೆ ಆಗಲೇ ಇಲ್ಲ."

ನಾನು ಬಗ್ಗಿ ನೋಡಿದೆ. ಹಳದಿಯ ನಾಲ್ಕು ಚುಕ್ಕೆ.

"ಇದೆ. ಹತ್ತಿದೆ," ಎಂದೆ.

"ಹತ್ತಿತೇ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. ನನ್ನ ಕೈ ಬಿಡಲಿಲ್ಲ. ಮುಖದಲ್ಲಿ ಸಮಾಧಾನವಿತ್ತು.

ನವೆಂಬರಿನಲ್ಲಿ ಅವರಿಗೆ ಕಣ್ಣಿತ್ತು. ಆ ನಾಲ್ಕು ಚುಕ್ಕೆಗಳನ್ನು ಅವರೇ ನೋಡಬಹುದಿತ್ತು. ಬ್ರೇಕರ್ ಇಳಿಸಿದ್ದು ತಿಳಿಯದೆ ಆದದ್ದು ಎಂದು ಎಲ್ಲರೂ ಹೇಳಿದ್ದಾರೆ, ನಾನೂ ಒಪ್ಪಿಕೊಂಡಿದ್ದೇನೆ. ಒಪ್ಪಿಕೊಳ್ಳಲಾಗದ್ದು ಬೇರೆ. ನಗೆಪಾಟಲಾಗಬಾರದೆಂದು ಅದೇ ಮನೆಯಲ್ಲಿ, ಅದೇ ಮೇಜಿನ ಪಕ್ಕದಲ್ಲಿ ನಿಂತು ಸುಳ್ಳು ಹೇಳಿದವಳು ನಾನು. ಅದು ಮೊರಿತಾ ಸಾನ್‌ಗೆ ಗೊತ್ತಿರಲಿಲ್ಲ. ನಲವತ್ತು ವರ್ಷಗಳಿಂದ ತಿಳಿಯಬೇಕೆಂದು ಕಾದಿದ್ದ ಒಂದೇ ಒಂದು ಸಂಗತಿಯನ್ನು ಅವರು ನನ್ನ ಬಾಯಿಮಾತಿನ ಮೇಲೆ ನಂಬಿ, ಮೂರು ಸಲ ಅರಿಗಾತೋ, ಅಂದರೆ ಧನ್ಯವಾದ, ಎಂದು ಹೇಳಿ, ಸಹನಾಳ ತೋಳು ಹಿಡಿದು ಮೆಟ್ಟಿಲಿಳಿದು ಹೋದರು.